ಕೊಡಗಿಗೆ ನಾವು ಕೊಟ್ಟ ಉತ್ತರ

2024ರ ಜುಲೈನಲ್ಲಿ ಕರ್ನಾಟಕದ ವಿಧಾನಮಂಡಲ ಒಂದು ನಿರ್ಣಯ ಅಂಗೀಕರಿಸಿತು. 2026ರ ನಂತರದ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಲೋಕಸಭಾ ಸ್ಥಾನಗಳನ್ನು ಮರುಹಂಚಬಾರದು ಎಂಬುದು ಅದರ ತಿರುಳು. 2025ರ ಮಾರ್ಚ್‌ನಲ್ಲಿ ಇದೇ ವಿಷಯಕ್ಕೆ ಚೆನ್ನೈನಲ್ಲಿ ಸಭೆ ನಡೆದಾಗ ನಮ್ಮ ಉಪಮುಖ್ಯಮಂತ್ರಿಗಳೂ ಹೋಗಿ ಕೂತು ಬಂದರು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಪಾಲಿಸಿದ್ದಕ್ಕೆ ಶಿಕ್ಷೆಯೇ, ತಲೆ ಎಣಿಸುವುದೊಂದೇ ಪ್ರಜಾಪ್ರಭುತ್ವವೇ, ಸಂಖ್ಯೆಯಲ್ಲಿ ಕಡಿಮೆ ಇರುವವರ ಮಾತಿಗೆ ಒಕ್ಕೂಟದಲ್ಲಿ ಬೆಲೆ ಇಲ್ಲವೇ ಎಂದು ಪತ್ರಿಕೆಗಳು ಕೇಳಿದವು, ನಾವೂ ಕೇಳಿದೆವು. ಈ ಪ್ರಶ್ನೆಗಳು ನ್ಯಾಯವಾದವು. ನನ್ನ ತಕರಾರು ಅವುಗಳ ಬಗ್ಗೆ ಅಲ್ಲ, ಅವನ್ನು ಕೇಳುತ್ತಿರುವ ನಮ್ಮ ಬಗ್ಗೆ. ಇದೇ ಪ್ರಶ್ನೆಗಳನ್ನು ಕೇಳುವ ಹಕ್ಕಿದ್ದ ಒಂದು ನಾಡು ನಮ್ಮ ರಾಜ್ಯದ ಒಳಗೇ ಇದೆ. ಅದಕ್ಕೆ ನಾವು ಕೊಟ್ಟ ಉತ್ತರ, ಇವತ್ತು ದೆಹಲಿ ನಮಗೆ ಕೊಡಲು ಸಿದ್ಧವಾಗಿರುವ ಉತ್ತರವೇ: ನಿಮ್ಮ ಜನ ಕಡಿಮೆ, ಲೆಕ್ಕ ಹೀಗೇ ಬರುತ್ತದೆ, ನಾವೇನು ಮಾಡೋಣ.

ಆ ನಾಡು ಕೊಡಗು.

ಕನ್ನಡ ಸಾಹಿತ್ಯ ಓದುವವರಿಗೆ ಕೊಡಗು ಹೊಸದಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ ಮೂಲಕ ಅದರ ಕೊನೆಯ ಅರಸನ ಪತನವನ್ನು ನಾವೆಲ್ಲ ಬಲ್ಲೆವು. ಆದರೆ ನಮ್ಮ ಕಲ್ಪನೆಯಲ್ಲಿ ಕೊಡಗಿನ ರಾಜಕೀಯ 1834ರಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ನಮಗೆ ಕಾಣುವುದು ಮಂಜು, ಕಾಫಿ ಹೂವು, ಸೈನಿಕರು, ಹೋಂಸ್ಟೇ. ಕಂಪನಿ ಸರ್ಕಾರ ವಶಪಡಿಸಿಕೊಂಡ ಮೇಲೆ ಆ ನಾಡಿನ ಜನ ತಮ್ಮ ಮಾತನ್ನು ಎಲ್ಲಿ ಹೇಳಿಕೊಂಡರು, ಯಾರ ಮೂಲಕ ಹೇಳಿಕೊಂಡರು ಎಂದು ನಾವು ಕೇಳಿದ್ದು ಕಡಿಮೆ. ಕೇಳಿದ್ದರೆ ಒಂದು ವಿಚಿತ್ರ ಕಥೆ ಸಿಗುತ್ತಿತ್ತು.

ಬ್ರಿಟಿಷರ ಕೈಯಲ್ಲಿ ಕೊಡಗು ಚೀಫ್ ಕಮಿಷನರ್ ಪ್ರಾಂತ್ಯವಾಯಿತು. ಮದರಾಸಿಗೂ ಸೇರಲಿಲ್ಲ, ಮೈಸೂರಿಗೂ ಸೇರಲಿಲ್ಲ. ದಶಕಗಳ ಕಾಲ ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿರುತ್ತಿದ್ದ, ಅಂದರೆ ಒಂದು ಪ್ರಾಂತ್ಯದ ಆಡಳಿತ ಒಬ್ಬ ಅಧಿಕಾರಿಯ ಹೆಚ್ಚುವರಿ ಕೆಲಸವಾಗಿತ್ತು. 1924ರಲ್ಲಿ ಮಡಿಕೇರಿಗೆ ಒಂದು ಶಾಸನ ಪರಿಷತ್ತು ಬಂತು. ಇಪ್ಪತ್ತು ಸದಸ್ಯರು, ಅವರಲ್ಲಿ ಹದಿನೈದು ಮಂದಿ ಚುನಾಯಿತರು. ಮತ ಹಾಕುವ ಹಕ್ಕು ಆಸ್ತಿ, ಕಂದಾಯ ಇದ್ದವರಿಗೆ ಮಾತ್ರ. ತೋಟದ ಲೈನ್‌ಮನೆಗಳಲ್ಲಿ, ಕಾಡಿನ ಹಾಡಿಗಳಲ್ಲಿ ಇದ್ದವರಿಗೆ ಅಲ್ಲಿ ಜಾಗವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಹಳೆಯ ಕೊಡಗನ್ನು ಹೊಗಳುತ್ತಿದ್ದೇನೆ ಎಂದು ಯಾರಿಗೂ ಅನ್ನಿಸಬಾರದು.

ಮಡಿಕೇರಿಯಲ್ಲಿ ಪರಿಷತ್ತು ಇದ್ದರೂ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಕೊಡಗಿಗೆ ಕುರ್ಚಿ ಇರಲಿಲ್ಲ. 1935ರ ಕಾಯಿದೆ ಫೆಡರಲ್ ಅಸೆಂಬ್ಲಿಯಲ್ಲಿ ಒಂದು, ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಒಂದು ಸ್ಥಾನವನ್ನು ಕೊಡಗಿಗೆ ಕೊಟ್ಟಿತು, ಆದರೆ ಆ ಫೆಡರೇಷನ್ ಜಾರಿಗೇ ಬರಲಿಲ್ಲ. ಇದರ ಪರಿಣಾಮ ಏನಾಗಿತ್ತೆಂದು ತಿಳಿಯಲು 1946ರ ಮೇ 16ರ ಕ್ಯಾಬಿನೆಟ್ ಮಿಷನ್ ಹೇಳಿಕೆಯನ್ನು ನೋಡಬೇಕು. ಸಂವಿಧಾನ ರಚನಾ ಸಭೆಗೆ ಚೀಫ್ ಕಮಿಷನರ್ ಪ್ರಾಂತ್ಯಗಳಿಂದ ಯಾರು ಬರಬೇಕು ಎಂಬ ಪ್ರಶ್ನೆ ಎದ್ದಾಗ ದೆಹಲಿ ಮತ್ತು ಅಜ್ಮೀರ್-ಮೇರವಾಡಗಳಿಗೆ ಸುಲಭದ ದಾರಿ ಇತ್ತು: ಕೇಂದ್ರ ಶಾಸನಸಭೆಯಲ್ಲಿ ಈಗಾಗಲೇ ಇರುವ ಅವರ ಸದಸ್ಯರೇ ಬರಲಿ. ಕೊಡಗಿಗೆ ಅಂಥ ಸದಸ್ಯನೇ ಇಲ್ಲದ್ದರಿಂದ ಅಲ್ಲಿನ ಶಾಸನ ಪರಿಷತ್ತು ಹೊಸದಾಗಿ ಒಬ್ಬರನ್ನು ಆರಿಸಿ ಕಳಿಸಲಿ ಎಂದು ಬರೆದರು. ಹಾಗೆ ಹೋದವರು ಸಿ.ಎಂ. ಪೂಣಚ್ಚ. ದೇಶದ ಸಂವಿಧಾನ ಬರೆಯುವ ಮೇಜಿನ ಸುತ್ತ ಕೊಡಗಿಗೆ ಒಂದು ಕುರ್ಚಿ ಸಿಕ್ಕಿತು. ಜನಸಂಖ್ಯೆಯ ಲೆಕ್ಕ ಹಿಡಿದಿದ್ದರೆ ಅದೂ ಸಿಗುತ್ತಿರಲಿಲ್ಲ. ಹತ್ತು ಲಕ್ಷ ಜನಕ್ಕೆ ಸುಮಾರು ಒಬ್ಬ ಪ್ರತಿನಿಧಿ ಎಂಬುದು ಆ ಸಭೆಯ ಅಳತೆ, ಕೊಡಗಿನ ಜನ ಅದರ ಕಾಲು ಭಾಗವೂ ಇರಲಿಲ್ಲ.

1950ರಲ್ಲಿ ಕೊಡಗು ಭಾಗ ‘ಸಿ’ ರಾಜ್ಯವಾಯಿತು. 1951ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ 2,29,405. ಆಗಿನ ಸಂವಿಧಾನದ 81ನೇ ವಿಧಿ ಐದು ಲಕ್ಷದಿಂದ ಏಳೂವರೆ ಲಕ್ಷ ಜನಕ್ಕೆ ಒಬ್ಬ ಲೋಕಸಭಾ ಸದಸ್ಯ ಎಂಬ ಅಳತೆ ಇಟ್ಟಿತ್ತು. ಆದರೆ ಭಾಗ ‘ಸಿ’ ರಾಜ್ಯಗಳಿಗೆ ಈ ಅಳತೆಗಿಂತ ಬೇರೆ ರೀತಿಯಲ್ಲಿ ಪ್ರಾತಿನಿಧ್ಯ ಕೊಡಬಹುದು ಎಂದು ಅದೇ ಸಂವಿಧಾನದ ಮುಂದಿನ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿತ್ತು. ಅದರಂತೆ ಕೊಡಗಿಗೆ ಒಂದು ಲೋಕಸಭಾ ಸ್ಥಾನ ಬಂತು. 1952ರಲ್ಲಿ ಎನ್. ಸೋಮಣ್ಣ ಕಾಂಗ್ರೆಸ್ಸಿನಿಂದ ಗೆದ್ದು ಮೊದಲ ಲೋಕಸಭೆಗೆ ಹೋದರು. 489 ಚುನಾಯಿತ ಸ್ಥಾನಗಳಲ್ಲಿ ಒಂದು.

ರಾಜ್ಯಸಭೆಯ ಕಥೆ ಇನ್ನೂ ಸ್ವಾರಸ್ಯಕರ. ಸಂವಿಧಾನದ ನಾಲ್ಕನೇ ಅನುಸೂಚಿಯಲ್ಲಿ ಕೊಡಗಿಗೂ ಅಜ್ಮೀರಿಗೂ ಸೇರಿ ಒಂದೇ ಸ್ಥಾನ. ಅರಾವಳಿಯ ಮರುಭೂಮಿ ಅಂಚಿನ ಊರಿಗೂ ಕಾವೇರಿ ಹುಟ್ಟುವ ಬೆಟ್ಟಕ್ಕೂ ನಡುವೆ ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಎರಡೂ ಸಣ್ಣವು ಎಂಬುದನ್ನು ಬಿಟ್ಟರೆ ಅವುಗಳಿಗೆ ಸಮಾನವಾದದ್ದು ಏನೂ ಇರಲಿಲ್ಲ. ಇದನ್ನು ಓದಿದಾಗ ಮೊದಲು ನಗು ಬರುತ್ತದೆ. ಆದರೆ ಸಂವಿಧಾನ ಬರೆದವರು ಪಟ್ಟ ಪಾಡು ಅದರಲ್ಲಿ ಕಾಣುತ್ತದೆ. ಒಂದು ಪೂರ್ತಿ ಸ್ಥಾನ ಕೊಡಲು ಮನಸ್ಸು ಒಪ್ಪಲಿಲ್ಲ, ಹೆಸರನ್ನೇ ಕೈಬಿಡಲೂ ಒಪ್ಪಲಿಲ್ಲ. ಅರ್ಧ ಕುರ್ಚಿಯಾದರೂ ಇರಲಿ ಎಂದರು. ನಂತರ ಬಂದ ನಾವು ಆ ಅರ್ಧವನ್ನೂ ಉಳಿಸಲಿಲ್ಲ.

1952ರ ಕೊಡಗು ವಿಧಾನಸಭೆಯಲ್ಲಿ 24 ಸ್ಥಾನಗಳಿದ್ದವು. ಪೂಣಚ್ಚನವರ ನೇತೃತ್ವದ ಕಾಂಗ್ರೆಸ್ 15 ಗೆದ್ದಿತು. ಮೈಸೂರಿನೊಂದಿಗೆ ವಿಲೀನ ಬೇಡವೆಂದು ತಕ್ಕಡಿ ಗುರುತಿನಲ್ಲಿ ನಿಂತ, ಗಾಂಧಿವಾದಿ ಪಂದ್ಯಂಡ ಬೆಳ್ಳಿಯಪ್ಪನವರ ಗುಂಪು 9 ಗೆದ್ದಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು.

ವಿಲೀನ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡೂ ಕಾಲು ಲಕ್ಷ ಜನರ ರಾಜ್ಯ ತನ್ನ ಕಾಲ ಮೇಲೆ ನಿಲ್ಲುವುದು ಕಷ್ಟವಿತ್ತು, ಕನ್ನಡ ಅಲ್ಲಿ ಆಡಳಿತದ, ಶಾಲೆಯ ಭಾಷೆಯಾಗಿತ್ತು. ಏಕೀಕರಣ ನಮ್ಮ ಹಿರಿಯರ ದೊಡ್ಡ ಸಾಧನೆ. ನಾನು ಕೇಳುವುದು ಬೇರೆ ಪ್ರಶ್ನೆ. ತನ್ನದೇ ವಿಧಾನಸಭೆ, ತನ್ನದೇ ಲೋಕಸಭಾ ಸ್ಥಾನ, ಅರ್ಧ ರಾಜ್ಯಸಭಾ ಸ್ಥಾನವಿದ್ದ ಒಂದು ನಾಡು ಅವಿಷ್ಟನ್ನೂ ಬಿಟ್ಟು ನಮ್ಮ ಮನೆಗೆ ಬಂದಾಗ ನಾವು ಅದಕ್ಕೆ ಏನು ಮಾತು ಕೊಟ್ಟೆವು?

ಅದೇ ವರ್ಷ, ಅದೇ ಪುನರ್ವಿಂಗಡಣೆಗಾಗಿ ಸಂವಿಧಾನಕ್ಕೆ ಏಳನೇ ತಿದ್ದುಪಡಿ ಬಂತು. ಅದರಲ್ಲಿ 371ನೇ ವಿಧಿಯನ್ನು ಹೊಸದಾಗಿ ಬರೆದು, ದೊಡ್ಡ ರಾಜ್ಯಗಳಿಗೆ ಸೇರಿಕೊಂಡ ಪ್ರದೇಶಗಳಿಗೆ ರಕ್ಷಣೆ ಕೊಟ್ಟರು. ಆಂಧ್ರದಲ್ಲೂ ಪಂಜಾಬಿನಲ್ಲೂ ಪ್ರಾದೇಶಿಕ ಸಮಿತಿಗಳು ಬಂದವು. ಮುಂಬಯಿ ರಾಜ್ಯದಲ್ಲಿ ವಿದರ್ಭ, ಮರಾಠವಾಡ, ಸೌರಾಷ್ಟ್ರ, ಕಛ್ ಪ್ರದೇಶಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಗಳಿಗೆ ಅವಕಾಶವಾಯಿತು. ಕಛ್ ಕೂಡ ಕೊಡಗಿನಂತೆಯೇ ಭಾಗ ‘ಸಿ’ ರಾಜ್ಯವಾಗಿತ್ತು. ಅದರ ಹೆಸರು ಸಂವಿಧಾನದಲ್ಲಿ ಉಳಿಯಿತು, ಲೋಕಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಇವತ್ತಿಗೂ ಇದೆ. ಅರ್ಧ ಕುರ್ಚಿಯ ಪಾಲುದಾರ ಅಜ್ಮೀರಿಗೂ ಅದರ ಹೆಸರಿನ ಲೋಕಸಭಾ ಕ್ಷೇತ್ರವಿದೆ. ಅವೆರಡರ ಜನಸಂಖ್ಯೆ ದೊಡ್ಡದು, ಒಪ್ಪುತ್ತೇನೆ. ಆದರೆ ಕೊಡಗಿಗೆ ಅಂಥ ಒಂದು ಸಾಲೂ ಯಾಕಿಲ್ಲ? ವಿಶೇಷ ವಿಧಿ ಬರೆಯಿಸಿಕೊಳ್ಳುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಹೈದರಾಬಾದ್ ಕರ್ನಾಟಕಕ್ಕಾಗಿ ವರ್ಷಗಟ್ಟಲೆ ಹೋರಾಡಿ 371ಜೆ ತಂದವರು ನಾವು. ಅದು ಸರಿಯಾದ ಹೋರಾಟವಾಗಿತ್ತು. ಅಲ್ಲಿ ಆರು ಜಿಲ್ಲೆಗಳ ಮತಗಳಿದ್ದವು ಎಂಬುದನ್ನೂ ಮರೆಯಬಾರದು.

1957ರ ಚುನಾವಣೆಯ ಹೊತ್ತಿಗೆ ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದೊಳಗೆ ಸೇರಿತ್ತು. ಐವತ್ತು ವರ್ಷ ಅಲ್ಲೇ ಇತ್ತು. ಆ ಅವಧಿಯ ಕೊನೆಯ ಮೂವತ್ತು ವರ್ಷಗಳಲ್ಲಿ ಆ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಮೂರು ಕೊಡಗಿನವು, ಉಳಿದ ಐದು ಘಟ್ಟದ ಕೆಳಗಿನವು. 2008ರ ಪುನರ್ವಿಂಗಡಣೆಯಲ್ಲಿ ಕೊಡಗನ್ನು ಎತ್ತಿ ಮೈಸೂರು ಕ್ಷೇತ್ರಕ್ಕೆ ಹಾಕಿದರು. ಈಗ ಎಂಟರಲ್ಲಿ ಎರಡು ಕೊಡಗಿನವು, ಆರು ಮೈಸೂರು ಜಿಲ್ಲೆಯವು. ಗೆಲ್ಲಬೇಕಾದವರು ಮೊದಲು ಕರಾವಳಿಯ ಲೆಕ್ಕ ಹಾಕುತ್ತಿದ್ದರು, ಈಗ ಮೈಸೂರು ನಗರದ ಲೆಕ್ಕ ಹಾಕುತ್ತಾರೆ.

1957ರಿಂದ ಇಲ್ಲಿಯವರೆಗೆ ಕೊಡಗನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದವರು ಹತ್ತು ಮಂದಿ. ಕೆ.ಆರ್. ಆಚಾರ್, ಎ. ಶಂಕರ ಆಳ್ವ, ಸಿ.ಎಂ. ಪೂಣಚ್ಚ, ಕೆ.ಕೆ. ಶೆಟ್ಟಿ, ಜನಾರ್ದನ ಪೂಜಾರಿ, ವಿ. ಧನಂಜಯ ಕುಮಾರ್, ಡಿ.ವಿ. ಸದಾನಂದ ಗೌಡ, ಆಮೇಲೆ ಮೈಸೂರಿನಿಂದ ಎ.ಎಚ್. ವಿಶ್ವನಾಥ್, ಪ್ರತಾಪ ಸಿಂಹ, ಯದುವೀರ ಒಡೆಯರ್. ಇವರಲ್ಲಿ ಕೊಡಗಿನವರು ಪೂಣಚ್ಚ ಒಬ್ಬರೇ, 1967ರಿಂದ 1971ರವರೆಗೆ. ಉಳಿದವರನ್ನು ನಾನು ದೂರುತ್ತಿಲ್ಲ. ಎಂಟು ಭಾಗಗಳಲ್ಲಿ ಎರಡರ ಮತ ಪೂರ್ತಿ ಕೈತಪ್ಪಿದರೂ ಗೆಲ್ಲಬಹುದಾದ ಕ್ಷೇತ್ರದಲ್ಲಿ ಯಾರೇ ಇದ್ದರೂ ಆ ಎರಡಕ್ಕೆ ಕೊಡುವ ಸಮಯ ಅಷ್ಟೇ ಇರುತ್ತದೆ.

ಇಲ್ಲಿ ಯಾರಾದರೂ ಕೇಳಬಹುದು: ಆ ಒಬ್ಬ ಪೂಣಚ್ಚನವರಿಂದ ಏನಾಯಿತು? ಅವರು ಕೇಂದ್ರದ ರೈಲ್ವೆ ಮಂತ್ರಿಯೇ ಆಗಿದ್ದರು, ಕೊಡಗಿಗೆ ಇವತ್ತಿಗೂ ರೈಲಿಲ್ಲ. ಒಳ್ಳೆಯ ಪ್ರಶ್ನೆ. ‘ನಮ್ಮೂರಿನವರೊಬ್ಬರು ಹೋದರೆ ಸಾಕು’ ಎಂಬ ವಾದ ಎಷ್ಟು ಬಡಕಲು ಎಂಬುದನ್ನು ಅದು ತೋರಿಸುತ್ತದೆ. ಪ್ರತಿನಿಧಿಯ ಊರು ಯಾವುದು ಎಂಬುದಕ್ಕಿಂತ ಅವರನ್ನು ಯಾರು ಸೋಲಿಸಬಲ್ಲರು ಎಂಬುದು ಮುಖ್ಯ. ಕೊಡಗಿನಲ್ಲಿ ರೈಲು ಬೇಕೆನ್ನುವವರೂ ಇದ್ದಾರೆ, ಕಾಡು ಕಡಿದು ಬರುವ ರೈಲು ಬೇಡವೇ ಬೇಡ ಎನ್ನುವವರೂ ಇದ್ದಾರೆ. ಇಬ್ಬರಿಗೂ ತಮ್ಮ ಸಂಸದರನ್ನು ಸೋಲಿಸುವ ಶಕ್ತಿ ಇಲ್ಲ. ಆ ಜಗಳ ಲೋಕಸಭಾ ಚುನಾವಣೆಯ ವಿಷಯವೇ ಆಗುವುದಿಲ್ಲ.

ಲೋಕಸಭೆ ಯಾಕೆ ಇಷ್ಟು ಮುಖ್ಯ ಎಂದರೆ ಕೊಡಗಿನ ಬದುಕನ್ನು ಕಟ್ಟಿಹಾಕಿರುವ ಗಂಟುಗಳಲ್ಲಿ ಬಹಳಷ್ಟು ದೆಹಲಿಯಲ್ಲಿವೆ. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಇದು, ಕಾಫಿ ಮಂಡಳಿ ಕೇಂದ್ರದ್ದು, 1942ರ ಕಾಫಿ ಕಾಯಿದೆ ಕೇಂದ್ರದ್ದು. ಆನೆ ತೋಟಕ್ಕೆ ಬಂದು ಆಳನ್ನು ತುಳಿದರೆ ಅನ್ವಯವಾಗುವ ವನ್ಯಜೀವಿ ಕಾಯಿದೆ ಕೇಂದ್ರದ್ದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಗೆರೆ ಎಳೆಯುವವರು ಕೇಂದ್ರದವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿ ವಿನಾಯಿತಿ ಕೇಂದ್ರದ ಶಸ್ತ್ರಾಸ್ತ್ರ ಕಾಯಿದೆಯಡಿ ಬಂದದ್ದು. ಕೊಡವ ತಕ್ಕ್ ಎಂಟನೇ ಅನುಸೂಚಿಗೆ ಸೇರಬೇಕೆಂಬ ಬೇಡಿಕೆಗೆ ಉತ್ತರ ಹೇಳಬೇಕಾದದ್ದು ಸಂಸತ್ತು. ಮೈಸೂರು ನಗರದ ಮತದಾರನಿಗೆ ಇವುಗಳಲ್ಲಿ ಒಂದೂ ದಿನನಿತ್ಯದ ವಿಷಯವಲ್ಲ. ಅದು ಆತನ ತಪ್ಪೂ ಅಲ್ಲ.

ಲೋಕಸಭೆ ದೂರದ ಮಾತಾಯಿತು. ವಿಧಾನಸಭೆಯನ್ನು ನೋಡೋಣ, ಅಲ್ಲಿ ದೆಹಲಿಯ ಮೇಲೆ ತಪ್ಪು ಹೊರಿಸುವುದು ಅಷ್ಟು ಸುಲಭವಲ್ಲ. 24 ಸ್ಥಾನಗಳ ಸಭೆ ಇದ್ದ ಕೊಡಗಿಗೆ 2008ರ ಮೊದಲು ಕರ್ನಾಟಕ ವಿಧಾನಸಭೆಯಲ್ಲಿ ಮೂರು ಸ್ಥಾನಗಳಿದ್ದವು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. 2001ರ ಜನಗಣತಿಯ ಆಧಾರದ ಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಗೆರೆಗಳನ್ನು ಮತ್ತೆ ಎಳೆದಾಗ ಸೋಮವಾರಪೇಟೆ ಕ್ಷೇತ್ರ ಅಳಿಸಿಹೋಯಿತು. ಲೆಕ್ಕ ಸರಳ. ರಾಜ್ಯದ ಸುಮಾರು 5.28 ಕೋಟಿ ಜನರನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ 2.36 ಲಕ್ಷ. ಕೊಡಗಿನ ಜನ 5.48 ಲಕ್ಷ. ಪಾಲು ಎರಡಕ್ಕಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಎರಡು. ಅದೇ ಪಟ್ಟಿಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನ ಬಂದವು.

ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ಆದರೆ ಅದರ ಜೊತೆ ಇನ್ನೊಂದು ಆಯಿತು. ವಿರಾಜಪೇಟೆ ಅಲ್ಲಿಯವರೆಗೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ಕ್ಷೇತ್ರ. ಕೊಡಗಿನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನ ಪರಿಶಿಷ್ಟ ಪಂಗಡದವರು: ಯರವರು, ಜೇನು ಕುರುಬರು, ಬೆಟ್ಟ ಕುರುಬರು. ರಾಜ್ಯದಲ್ಲಿ ಪಂಗಡದ ಮೀಸಲು ಸ್ಥಾನಗಳು 15ಕ್ಕೆ ಏರಿದ ಅದೇ ಆದೇಶದಲ್ಲಿ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿ ಒಕ್ಕಲೆಬ್ಬಿಸಿದಾಗ ಆ ಕ್ಷೇತ್ರದಿಂದ ವಿಧಾನಸಭೆಯಲ್ಲಿ ಆದಿವಾಸಿ ಶಾಸಕರಿರಲಿಲ್ಲ. ಕೊಡಗು ಕಳೆದುಕೊಂಡದ್ದು ಒಂದು ಸ್ಥಾನ ಎಂದು ಹೇಳುವವರು ಈ ಎರಡನೆಯ ನಷ್ಟವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ಕೊಡಗಿನ ಪರ ಮಾತಾಡುವವರೂ ಎಣಿಸುವುದು ಕಡಿಮೆ.

ಮುಂದಿನ ಲೆಕ್ಕ ಇನ್ನೂ ಕಠಿಣ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಬೆಳೆಯಿತು, ಬೆಂಗಳೂರು ನಗರ ಜಿಲ್ಲೆಯದು ಸುಮಾರು ಶೇ 47ರಷ್ಟು. ಕೊಡಗಿನದು ಶೇ 1.09. ಚಿಕ್ಕಮಗಳೂರಿನಲ್ಲಂತೂ ಜನಸಂಖ್ಯೆಯೇ ಕಡಿಮೆಯಾಯಿತು. ಹುಟ್ಟುವ ಮಕ್ಕಳು ಕಡಿಮೆ, ಹುಟ್ಟಿದವರು ಓದಿ ಬೆಂಗಳೂರು, ಮೈಸೂರು ಸೇರುತ್ತಾರೆ. ಅವರ ತಲೆ ಅಲ್ಲಿ ಎಣಿಕೆಯಾಗಿ ಅಲ್ಲಿನ ಸ್ಥಾನ ಹೆಚ್ಚುತ್ತದೆ, ಊರಿನ ಸ್ಥಾನ ಕರಗುತ್ತದೆ. ಈಗ ಮೊದಲಿನ ಪ್ರಶ್ನೆಗಳನ್ನು ಮತ್ತೆ ಓದಿ. ಕುಟುಂಬ ಯೋಜನೆ ಪಾಲಿಸಿದ್ದಕ್ಕೆ ಶಿಕ್ಷೆಯೇ? ತಲೆ ಎಣಿಸುವುದೊಂದೇ ಪ್ರಜಾಪ್ರಭುತ್ವವೇ? ಉತ್ತರ ಪ್ರದೇಶಕ್ಕೆ ಕರ್ನಾಟಕ ಹೇಗೋ ಬೆಂಗಳೂರಿಗೆ ಕೊಡಗು ಹಾಗೆ. ಒಂದು ಕಡೆ ಒಕ್ಕೂಟ ತತ್ವ ಎನ್ನುವ ನಾವು ಇನ್ನೊಂದು ಕಡೆ ಕ್ಯಾಲ್ಕ್ಯುಲೇಟರ್ ತೆಗೆಯುತ್ತೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ. ಒಬ್ಬರಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ. ಕೊಡಗಿನ ಮತಕ್ಕೆ ಹೆಚ್ಚು ತೂಕ ಕೊಟ್ಟರೆ ಬೆಂಗಳೂರಿನ ಕೊಳೆಗೇರಿಯವನ ಮತಕ್ಕೆ ಕಡಿಮೆ ತೂಕ ಕೊಟ್ಟಂತೆ. ಇದು ಗಂಭೀರವಾದ ಮಾತು, ತಳ್ಳಿಹಾಕುವಂಥದ್ದಲ್ಲ. ಆದರೆ ನಮ್ಮ ಸಂವಿಧಾನ ಈ ತತ್ವವನ್ನು ಯಾವತ್ತೂ ಒಂಟಿಯಾಗಿ ಬಿಟ್ಟಿಲ್ಲ. ಅರವತ್ತು ಲಕ್ಷ ಮೀರದ ರಾಜ್ಯಗಳಿಗೆ ಸ್ಥಾನ ಹಂಚುವಾಗ ಜನಸಂಖ್ಯೆಯ ಸಮಾನ ಅನುಪಾತ ಕಡ್ಡಾಯವಲ್ಲ ಎಂದು 81ನೇ ವಿಧಿಯೇ ಹೇಳುತ್ತದೆ. 2011ರ ಎಣಿಕೆಯಂತೆ 64 ಸಾವಿರ ಜನರಿರುವ ಲಕ್ಷದ್ವೀಪಕ್ಕೆ ಒಬ್ಬ ಲೋಕಸಭಾ ಸದಸ್ಯರಿದ್ದಾರೆ. ಆರು ಲಕ್ಷದ ಸಿಕ್ಕಿಮಿಗೆ ಒಬ್ಬರು. ಐದೂವರೆ ಲಕ್ಷದ ಕೊಡಗಿಗೆ ಕಾಲು ಪಾಲು. ಹೊರದೇಶಗಳಲ್ಲೂ ಇದೇ ದಾರಿ ಇದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಒಂದೂವರೆ ಲಕ್ಷ ಜನ, ಆದರೆ ನಾಲ್ವರು ಸಂಸದರು, ಏಕೆಂದರೆ ಒಂದು ಪ್ರಾಂತ್ಯಕ್ಕೆ ಅದರ ಸೆನೆಟರುಗಳಿಗಿಂತ ಕಡಿಮೆ ಸಂಸದರು ಇರಕೂಡದೆಂದು 1915ರಲ್ಲೇ ನಿಯಮ ಮಾಡಿದರು. ಬ್ರಿಟನ್ನಿನಲ್ಲಿ ಸ್ಕಾಟ್ಲೆಂಡಿನ ದ್ವೀಪ ಕ್ಷೇತ್ರಗಳನ್ನು ಜನಸಂಖ್ಯೆಯ ಅಳತೆಯಿಂದ ಕಾನೂನಿನಲ್ಲೇ ಹೊರಗಿಟ್ಟಿದ್ದಾರೆ. ಕೊಡಗು ದ್ವೀಪವಲ್ಲ ನಿಜ, 2018ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ರಸ್ತೆಗಳು ಮುಚ್ಚಿದಾಗ ಅಲ್ಲಿದ್ದವರಿಗೆ ಅದು ದ್ವೀಪವೇ ಆಗಿತ್ತು.

ದೂರ ಯಾಕೆ, ನಮ್ಮ ವಿಧಾನ ಪರಿಷತ್ತನ್ನೇ ನೋಡಿ. ಸ್ಥಳೀಯ ಸಂಸ್ಥೆಗಳಿಂದ ಆರಿಸುವ 25 ಸ್ಥಾನಗಳಲ್ಲಿ ಒಂದು ಕೊಡಗಿಗೆ ಮೀಸಲಾದಂತೆ ಪ್ರತ್ಯೇಕವಾಗಿದೆ. ಅಲ್ಲಿನ ಮತದಾರರ ಸಂಖ್ಯೆ ಬೇರೆ ಜಿಲ್ಲೆಗಳಿಗಿಂತ ಬಹಳ ಕಡಿಮೆ. ಆದರೂ ಕೊಡಗು ಬೇರೆಯೇ ಒಂದು ಘಟಕ ಎಂದು ಅಲ್ಲಿ ಒಪ್ಪಿದ್ದೇವೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ಎರಡನೆಯ ಆಕ್ಷೇಪ ಕೊಡಗಿನ ಒಳಗಿನಿಂದಲೇ ಹುಟ್ಟುತ್ತದೆ. ಕೊಡವ ನ್ಯಾಷನಲ್ ಕೌನ್ಸಿಲ್ ಸಿಕ್ಕಿಮಿನ ‘ಸಂಘ’ ಕ್ಷೇತ್ರದ ಮಾದರಿಯನ್ನು ಮುಂದಿಟ್ಟಿದೆ. ಸಿಕ್ಕಿಂ ವಿಧಾನಸಭೆಯ 32 ಸ್ಥಾನಗಳಲ್ಲಿ ಒಂದು ಬೌದ್ಧ ಭಿಕ್ಷುಗಳದು, ಅದಕ್ಕೆ ಭೂಪಟದಲ್ಲಿ ಗಡಿಯಿಲ್ಲ. ಹಾಗೆಯೇ ಕೊಡವರಿಗೆ ಗಡಿಯಿಲ್ಲದ ಒಂದು ಕ್ಷೇತ್ರ ಬೇಕೆಂಬುದು ಅವರ ವಾದ. ತಮ್ಮ ಸಂಖ್ಯೆ ಕುಗ್ಗುತ್ತಿದೆ ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಈ ಪರಿಹಾರವನ್ನು ನಾನು ಒಪ್ಪಲಾರೆ. ಕೊಡಗಿನಲ್ಲಿ ಅರೆಭಾಷೆಯ ಗೌಡರಿದ್ದಾರೆ, ಬ್ಯಾರಿಗಳಿದ್ದಾರೆ, ಮಲಯಾಳಿ, ತಮಿಳು, ತುಳು ಮಾತಾಡುವವರಿದ್ದಾರೆ, ತೋಟದ ದಲಿತರಿದ್ದಾರೆ, ಹಾಡಿಯ ಆದಿವಾಸಿಗಳಿದ್ದಾರೆ. 1924ರ ಪರಿಷತ್ತು ಕೊಡಗಿನ ಧ್ವನಿಯಾಗಿದ್ದರೂ ಕೊಡಗಿನ ಎಲ್ಲರ ಧ್ವನಿಯಾಗಿರಲಿಲ್ಲ. ಮತ್ತೆ ಅಂಥದ್ದೇ ಒಂದನ್ನು ಕಟ್ಟಿದರೆ ಬೆಂಗಳೂರು ಕೊಡಗಿಗೆ ಮಾಡಿದ್ದನ್ನು ಕೊಡಗು ತನ್ನ ದಿಡ್ಡಳ್ಳಿಗೆ ಮಾಡಿದಂತಾಗುತ್ತದೆ. ಬೇಕಾಗಿರುವುದು ನೆಲಕ್ಕೆ ಸೇರಿದ ಕ್ಷೇತ್ರ, ಅಲ್ಲಿ ಬದುಕುವ ಎಲ್ಲರೂ ಮತ ಹಾಕುವ ಕ್ಷೇತ್ರ.

ಹಾಗಾದರೆ ಏನು ಮಾಡಬಹುದು? ಭಾವುಕವಾಗಿ ದೂರುವುದು ಸುಲಭ, ಆದ್ದರಿಂದ ಕೈಗೆಟಕುವ ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಯಾವ ಜಿಲ್ಲೆಗೂ ವಿಧಾನಸಭೆಯಲ್ಲಿ ಮೂರಕ್ಕಿಂತ ಕಡಿಮೆ ಸ್ಥಾನ ಇರಕೂಡದು ಎಂಬ ನಿಯಮವನ್ನು ಕರ್ನಾಟಕ ಕೇಳಬೇಕು. ಇವತ್ತು ರಾಜ್ಯದಲ್ಲಿ ಮೂರಕ್ಕಿಂತ ಕಡಿಮೆ ಇರುವ ಜಿಲ್ಲೆ ಕೊಡಗು ಒಂದೇ. ಇಡೀ ನಿಯಮದ ಬೆಲೆ ಒಂದು ಸ್ಥಾನ. ಆ ಮೂರರಲ್ಲಿ ಒಂದು ಮೊದಲಿನಂತೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಬೇಕು.

ಎರಡನೆಯದು ಲೋಕಸಭೆಗೆ ಸಂಬಂಧಿಸಿದ್ದು, ಇದಕ್ಕೆ ಒಂದು ಹೊಸ ಸ್ಥಾನವೂ ಬೇಡ. ಈಗಿನ ನಕ್ಷೆಯಲ್ಲಿ ಕಾಫಿ ಬೆಳೆಯುವ ನಾಡು ಮೂರು ಹೋಳಾಗಿದೆ. ಮಡಿಕೇರಿ, ವಿರಾಜಪೇಟೆ ಮೈಸೂರಿಗೆ ಸೇರಿವೆ. ಸಕಲೇಶಪುರ, ಬೇಲೂರು ಹಾಸನಕ್ಕೆ. ಮೂಡಿಗೆರೆ, ಚಿಕ್ಕಮಗಳೂರು, ಶೃಂಗೇರಿ, ತರೀಕೆರೆ ಉಡುಪಿಯ ಜೊತೆಗೆ. ಮೂರರಲ್ಲೂ ಬೆಟ್ಟದ ಮತದಾರ ಬಯಲಿನವರ ಅಥವಾ ಕರಾವಳಿಯವರ ಬೆನ್ನ ಹಿಂದೆ ನಿಲ್ಲಬೇಕು. ಈ ಎಂಟು ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ, ಒಂದಕ್ಕೊಂದು ಅಂಟಿಕೊಂಡ ಎಂಟು ವಿಧಾನಸಭಾ ಕ್ಷೇತ್ರಗಳು. ಒಂದು ಲೋಕಸಭಾ ಕ್ಷೇತ್ರಕ್ಕೆ ಬೇಕಾದಷ್ಟೇ. ಗೆರೆ ಎಳೆಯುವಾಗ ಭೌಗೋಳಿಕ ಲಕ್ಷಣ, ಸಂಪರ್ಕ, ಜನರ ಅನುಕೂಲ ಗಮನಿಸಬೇಕೆಂದು ಪುನರ್ವಿಂಗಡಣಾ ಕಾಯಿದೆಯ ಒಂಬತ್ತನೇ ಕಲಮೇ ಹೇಳುತ್ತದೆ. ಕಾಫಿ, ಆನೆ, ಕಾಡು, ಕುಸಿಯುವ ಗುಡ್ಡ, ಊರು ಬಿಡುವ ಮಕ್ಕಳು ಇವರೆಲ್ಲರಿಗೂ ಸಮಾನ. ಅಂಥ ಕ್ಷೇತ್ರದಲ್ಲಿ ಯಾವ ಪಕ್ಷದ, ಯಾವ ಊರಿನ ಅಭ್ಯರ್ಥಿ ನಿಂತರೂ ಈ ವಿಷಯಗಳನ್ನು ಮಾತಾಡದೆ ಗೆಲ್ಲಲಾರರು. ಅದರಲ್ಲೂ ಕೊಡಗು ಎಂಟರಲ್ಲಿ ಎರಡೇ ತಾನೇ ಎಂದು ಕೇಳಬಹುದು. ಹೌದು. ಆದರೆ ಉಳಿದ ಆರರ ಸಂಕಟವೂ ಅದೇ ಆಗಿರುತ್ತದೆ.

ಮೂರನೆಯದಕ್ಕೆ ಕಾನೂನೇ ಬೇಡ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನಗಳಿವೆ. ಪಕ್ಷಗಳು ಆ ಸ್ಥಾನಗಳನ್ನು ಯಾರಿಗೆ ಕೊಡುತ್ತವೆ, ಎಷ್ಟು ಸಲ ಹೊರರಾಜ್ಯದ ನಾಯಕರಿಗೆ ಕೊಟ್ಟಿವೆ ಎಂಬುದು ಎಲ್ಲರಿಗೂ ಗೊತ್ತು. ಲೋಕಸಭೆಯಲ್ಲಿ ಧ್ವನಿ ಇಲ್ಲದ ಸಣ್ಣ ನಾಡುಗಳಿಗೆ ಸರದಿಯ ಮೇಲೆ ಒಂದು ಸ್ಥಾನ ಬಿಟ್ಟುಕೊಡುವ ಸಂಪ್ರದಾಯವನ್ನು ಯಾವ ಪಕ್ಷ ಬೇಕಾದರೂ ನಾಳೆಯೇ ಆರಂಭಿಸಬಹುದು. 1950ರಲ್ಲಿ ಕೊಡಗಿಗೆ ಅರ್ಧ ಕುರ್ಚಿ ಸಿಕ್ಕಿತ್ತು, ಅದೂ ಅಜ್ಮೀರಿನ ಜೊತೆ. ಅಷ್ಟನ್ನು ವಾಪಸು ಕೊಡಲು ನಮಗೆ ಏನು ಅಡ್ಡಿ?

ದಕ್ಷಿಣದ ರಾಜ್ಯಗಳ ಹೋರಾಟಕ್ಕೆ ಇದರಿಂದ ಹಾನಿ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಮನೆಯ ಜಗಳವನ್ನು ಈಗ ಬೀದಿಗೆ ತರಬೇಡ, ಮೊದಲು ದೆಹಲಿಯನ್ನು ಎದುರಿಸೋಣ ಎಂಬುದು ಅವರ ಬುದ್ಧಿಮಾತು. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ಜನಸಂಖ್ಯೆಯೊಂದೇ ಅಳತೆಯಾಗಬಾರದು ಎಂಬ ನಮ್ಮ ವಾದವನ್ನು ಉತ್ತರದವರು ಸ್ವಾರ್ಥ ಎಂದು ಸುಲಭವಾಗಿ ತಳ್ಳಿಹಾಕಬಲ್ಲರು, ಏಕೆಂದರೆ ಆ ವಾದದಿಂದ ಲಾಭವಾಗುವಲ್ಲಿ ಮಾತ್ರ ನಾವು ಅದನ್ನು ಹೇಳುತ್ತಿದ್ದೇವೆ. ನಷ್ಟವಾಗುವಲ್ಲಿಯೂ ಅದನ್ನು ಪಾಲಿಸಿ ತೋರಿಸಿದರೆ ಆಗ ಅದು ತತ್ವವಾಗುತ್ತದೆ. ಬೆಂಗಳೂರಿಗೆ ನ್ಯಾಯವಾಗಿ ಬರಬೇಕಾದ ಸ್ಥಾನಗಳಲ್ಲಿ ಒಂದನ್ನು ಬಿಟ್ಟು, ಕಾವೇರಿಯ ನೀರು ಕುಡಿಯುವ ನಗರ ಕಾವೇರಿ ಹುಟ್ಟುವ ನಾಡಿಗೆ ಅದನ್ನು ಕೊಟ್ಟಿದೆ ಎಂದು ಹೇಳಬಲ್ಲ ರಾಜ್ಯ ದೆಹಲಿಯಲ್ಲಿ ಬೇರೆಯೇ ಗಟ್ಟಿತನದಿಂದ ಮಾತಾಡುತ್ತದೆ.

2026ರ ನಂತರದ ಮೊದಲ ಜನಗಣತಿ ಮುಗಿದ ಮೇಲೆ ಗೆರೆಗಳು ಮತ್ತೆ ಎಳೆಯಲ್ಪಡುತ್ತವೆ. ಆಯೋಗದ ಆದೇಶ ಒಮ್ಮೆ ಹೊರಬಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಬಹಳ ಕಷ್ಟ. ಮಾತಾಡುವುದಿದ್ದರೆ ಈಗಲೇ ಮಾತಾಡಬೇಕು. ಕರ್ನಾಟಕದ ವಿಧಾನಮಂಡಲ ದೆಹಲಿಗೆ ಕಳಿಸಲು ಒಂದು ನಿರ್ಣಯ ಬರೆದಿದೆ. ಅದರ ಎರಡನೇ ಭಾಗವನ್ನೂ ಬರೆಯಲಿ, ಮಡಿಕೇರಿಗೆ ಕಳಿಸಲು.